ಅತ್ತಿಗೆಯ ಅರವತ್ತೆಂಟು
ಮೈದುನ ನಾದಿನಿಯರೆಲ್ಲ ಅತ್ತಿಗೆ ಎಂದೇ ಕರೆಯುವ ಆಕೆ ಬೆಳಗ್ಗೆ ಪಾತ್ರೆ ತೊಳೆದು, ನೆಲ ಒರೆಸಿ, ಒದ್ದೆಗಾಲಲ್ಲೇ ತೂಕದ ಯಂತ್ರ ಹತ್ತುತ್ತಾಳೆ. ಮೂರು ತಿಂಗಳಿಂದ ಮುಳ್ಳು ಅರವತ್ತೆಂಟು ಬಿಟ್ಟು ಕದಲಿಲ್ಲ. "ಬಂಡೆ ಕಣೇ ನೀನು," ಎಂದು ಗಂಡ ನಗುತ್ತಾನೆ. ಅವನು ಹತ್ತಿದರೆ ಮುಳ್ಳು ಸರಿಯಾಗಿಯೇ ಓಡುತ್ತದೆ. "ತಾಳಿದವಳು ಬಾಳಿಯಾಳು ಕಣ್ರೀ," ಎನ್ನುತ್ತಾ ಆಕೆ, ತನಗೆಂದು ಬಡಿಸಿಕೊಳ್ಳದೆ, ಉಳಿದವರ ತಟ್ಟೆಯಲ್ಲಿ ಮಿಕ್ಕಿದ್ದನ್ನಷ್ಟೇ ತಿಂದು ಏಳುತ್ತಾಳೆ. ಉಂಗುರ ಬೆರಳಿಂದ ಜಾರಿ ಬೀಳುತ್ತದೆ, ನೆರಳು ದಾರದಷ್ಟಾಗಿದೆ, ಅಂಕಿ ಮಾತ್ರ ಅದೇ. ಈಚೆಗೆ ಎದುರಿಗೇ ನಿಂತಿದ್ದರೂ ಅತ್ತೆ, "ಎಲ್ಲಿ ಹೋದ್ಯೇ?" ಎಂದು ಕೂಗುತ್ತಾರೆ. ಇವತ್ತೂ ಕೂಗಿದರು. "ಇಲ್ಲೇ ಇದೀನಲ್ಲ ಅತ್ತೆ!" ಎನ್ನುತ್ತಾ ಆಕೆ ಯಂತ್ರದಿಂದಿಳಿದು, ಬಟ್ಟೆಯ ಬುಟ್ಟಿ ಎತ್ತಿಕೊಂಡು, ಯಾಕೋ ತಿರುಗಿ ನೋಡಿದಳು. ಮುಳ್ಳು ಅರವತ್ತೆಂಟರಲ್ಲೇ ಇತ್ತು. ಯಂತ್ರದ ಮೇಲೆ ಅವಳ ಎರಡು ಒದ್ದೆ ಹೆಜ್ಜೆಗಳು ತಾಳ್ಮೆಯಿಂದ ನಿಂತಿದ್ದವು.