ಸೌಡಿ ಮಾವನ ಎರಡು ನಡಿಗೆ

ಹೊಸ ರಬ್ಬರಿನ ವಾಸನೆ ಮನೆಯೊಳಗೆ ನಿಂತುಬಿಟ್ಟಿದೆ. ವರ್ಷದಿಂದ ನನ್ನ ಹೆಜ್ಜೆ ನನ್ನ ಮಾತು ಕೇಳುತ್ತಿಲ್ಲ. ನೆಟ್ಟಗೆ ನಡೆ ಎಂದರೆ ಬಲಕ್ಕೆ ವಾಲುತ್ತದೆ. ಅದಕ್ಕೆಂದು ವಾಕರ್ ಬಂದಿದೆ, ಮೊನ್ನೆ ಅದರ ನಾಲ್ಕು ಕಾಲಿಗೂ ಹೊಸ ರಬ್ಬರ್ ಬುಷ್ ಹಾಕಿಸಿದೆ. ವಾಸನೆ ಮೂಗಿಗೆ ಬಡಿದಾಗಲೆಲ್ಲ ಪಕ್ಕದ ಮನೆಯ ಸೌಡಿ ಮಾವ ನೆನಪಾಗುತ್ತಾರೆ. ವಾಕರ್ ಅವರದೇ...

ಬೆಳಗೊಳದ ಕಡೆಯ ನಮ್ಮೂರಿನಲ್ಲಿ ಅವರು ನಾಲೆಯ ತೂಬು ತೆಗೆದು, ಮುಚ್ಚಿ, ಗದ್ದೆಗಳಿಗೆ ನೀರು ಬಿಡುವ ಸೌಡಿಯಾಗಿದ್ದವರು. ನನಗೆ ಸಂಬಂಧದಲ್ಲಿ ಮಾವನಲ್ಲ, ಊರಿಗೆಲ್ಲ ಮಾವ. ಒಂದಡಿ ಅಗಲದ ಏರಿಯ ಮೇಲೆ ಕಣ್ಣು ಮುಚ್ಚಿ ನಡೆಯುತ್ತಿದ್ದವರು ರಿಟೈರಾದ ಮೇಲೆ ಟಾರು ರಸ್ತೆಯಲ್ಲೇ ತೂರಾಡತೊಡಗಿದರು. ಮಾತೂ ಕೊಂಚ ತೊದಲಿತು. ಹೆಂಡದ ಹನಿ ಮುಟ್ಟದ ಆ ಮನುಷ್ಯನನ್ನು ಕಂಡು ಬಸ್‌ಸ್ಟಾಪಿನವರು, "ಬೆಳಗ್ಗೇನೇ ಏರ್ಸ್ಕಂಡವ್ನೆ ಕಣ್ಲಾ" ಎಂದು ನಕ್ಕರು. ಊರ ಬಾಯಿಗೆ ಬೀಗ ಹಾಕುವವರು ಯಾರು?

ನಾನೇ ಅವರನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೈಯ ಸಮತೋಲ ಕಾಯುವ ಮಿದುಳಿನ ಭಾಗ ಸವೆದಿದೆ, ಒಂಟಿ ಕೋಲು ಸಾಲದು, ನಾಲ್ಕು ಕಾಲಿನ ವಾಕರ್ ಬೇಕು ಎಂದರು ಡಾಕ್ಟರು. "ಅದ ಇಡ್ಕಂಡು ಓಡಾಡಕ್ಕೆ ನಾನೇನು ಎಳೇ ಮಗೀನಾ?" ಎಂದು ಮಾವ ಸಿಡುಕಿದರು. ಕೈಯಲ್ಲೊಂದು ಕೋಲು ಕಂಡರೆ ಸಾಕು, ಕುಡುಕನಲ್ಲ, ಕಾಯಿಲೆಯವನು ಎಂದು ಜನಕ್ಕೆ ತಿಳಿಯುತ್ತದೆ ಎಂಬುದು ಅವರ ವಾದ. ನನಗೂ ಸರಿ ಅನ್ನಿಸಿತು. ಅವರ ಮನೆಯ ಅಟ್ಟದಿಂದ ಕೋಲು ಇಳಿಸಿಕೊಟ್ಟವಳು ನಾನೇ. ಅದಕ್ಕೆ ಇವತ್ತಿಗೂ ನನ್ನನ್ನೇ ಬೈದುಕೊಳ್ಳುತ್ತೇನೆ.

ಅದು ಮಾವನ ತೀರಿಹೋದ ಅಣ್ಣನ ಕೋಲು. ನಮ್ಮ ಕಡೆ ಸತ್ತವರ ಊರುಗೋಲನ್ನು ಮಣ್ಣು ಮಾಡಿದ ಜಾಗದಲ್ಲೇ ಬಿಟ್ಟುಬರುತ್ತಾರೆ, ಮನೆಗೆ ತರುವುದಿಲ್ಲ. ಬೀಟೆ ಮರದ್ದು, ಬೆಳ್ಳಿ ಕಟ್ಟು ಹಾಕಿದ್ದು ಎಂಬ ಆಸೆಗೆ ಮಾವ ಅದನ್ನು ಉಳಿಸಿಕೊಂಡಿದ್ದರು. ಅಣ್ಣ ಇವರಿಗಿಂತ ಗೇಣುದ್ದ ಎತ್ತರ, ಎಡಗಾಲು ಕುಂಟು, ಬಲಭುಜ ಎತ್ತಿ ಆ ಕಾಲು ಎಳೆದು ನಡೆಯುತ್ತಿದ್ದರು.

ಹದಿನೈದು ದಿನ ಕಳೆದಿರಲಿಲ್ಲ. ಮಾವನ ಹೆಂಡತಿಯ ಜೊತೆ ಅವರ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಆಕೆಯನ್ನು ನಾನು ಅತ್ತೆ ಎನ್ನುತ್ತಿದ್ದೆ. ಬೀದಿಯ ತಿರುವಿನಲ್ಲಿ ಟಕ್... ಸರ್ರ್... ಟಕ್... ಎಂದು ಸದ್ದಾಯಿತು. ಅತ್ತೆ ದಡಕ್ಕನೆ ಎದ್ದು, ತಲೆಯ ಮೇಲೆ ಸೆರಗೆಳೆದುಕೊಂಡು ಬಾಗಿಲ ಹಿಂದೆ ಸರಿದರು. ಗಂಡನ ಅಣ್ಣ ಬಂದಾಗ ಬದುಕಿಡೀ ಹಾಗೇ ಸರಿದ ಹೆಂಗಸು. ತಿರುವಿನಿಂದ ಬಂದದ್ದು ಮಾವ. ಆದರೆ ಬಲಭುಜ ಮೇಲೆದ್ದಿತ್ತು, ಎಡಗಾಲು ನೆಲಕ್ಕೆ ಎಳೆಯುತ್ತಿತ್ತು. ಸತ್ತ ಅಣ್ಣನೇ ನಡೆದು ಬಂದಂತಿತ್ತು.

ಆಮೇಲೆ ದಿನವೂ ಅದೇ. "ಇವ್ರೇ ಅಂತ ಗೊತ್ತು ಕಣವ್ವಾ. ನಮ್ಮ ಬಾವನ ಸದ್ದು ಕೇಳ್ತಿದ್ದಂಗೆ ಮೈಯೇ ಎದ್ಬುಡ್ತದೆ" ಎಂದರು ಅತ್ತೆ. ಒಂದು ದಿನ ಮಾವ ನನ್ನನ್ನು ಕರೆದು, "ಅವ್ಳು ನನ್ನ ಪಕ್ಕ ಕೂರಾದ್ನೇ ಬುಟ್ಬುಟ್ಲು ಕಣವ್ವಾ. ನನ್ನ ಮನೇಲಿ ನಾನು ಯಾರು?" ಎಂದರು. ಅದನ್ನು ಕೇಳುವಾಗ ಅವರ ನಾಲಿಗೆ ಒಂದಿಷ್ಟೂ ತೊದಲಲಿಲ್ಲ.

ಮರುದಿನವೇ ಮತ್ತೆ ಆಸ್ಪತ್ರೆಗೆ ಹೋದೆವು. ಅಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಕೋಲನ್ನು ತಿರುಗಿಸಿ ನೋಡಿ ನಕ್ಕಳು. ಉದ್ದ ಹೆಚ್ಚಾದರೆ ಭುಜ ಎತ್ತುತ್ತದೆ, ಬುಡದ ರಬ್ಬರ್ ಒಂದೇ ಮಗ್ಗುಲಿಗೆ ಸವೆದಿದ್ದರೆ ಕೋಲು ಆ ಕಡೆಗೇ ಎಳೆಯುತ್ತದೆ, ಇದರಲ್ಲಿ ದೆವ್ವ ಗಿವ್ವ ಏನಿಲ್ಲ ಎಂದಳು. ಮಾವನನ್ನು ನಿಲ್ಲಿಸಿ, ಕೈ ಇಳಿಬಿಡಿಸಿ, ಹಿಡಿ ಮಣಿಕಟ್ಟಿನ ಗೆರೆಗೆ ಬರುವಂತೆ ಅಲ್ಲೇ ಕೊಂಡ ವಾಕರಿನ ಕಾಲುಗಳನ್ನು ಹೊಂದಿಸಿದಳು. ಈ ಸಲ ಮಾವ ಸಿಡುಕದೆ ಅದನ್ನು ಹಿಡಿದುಕೊಂಡರು.

ಸಂಜೆ ಬೀದಿಯಲ್ಲಿ ಹೊಸ ಸದ್ದು. ಟಕಟಕ್... ಆಮೇಲೆ ಎರಡು ಹೆಜ್ಜೆ... ಟಕಟಕ್. ಅತ್ತೆ ಏಳಲಿಲ್ಲ. ತಿರುಗಿಯೂ ನೋಡದೆ ಎಲೆಅಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಬಂದ್ರಾ? ಕೂತ್ಕಳಿ" ಎಂದರು. ಮಾವ ಕೂತರು. ನನಗೆ ಅಳು ಬಂದುಬಿಟ್ಟಿತು.

ಎರಡು ವರ್ಷ ಅವರು ಅವರಾಗಿಯೇ ನಡೆದರು. ಜ್ವರ ಬಂದು ತೀರಿಕೊಂಡಾಗ ಬೀಟೆ ಕೋಲನ್ನು ಅವರ ಜೊತೆಗೇ ಮಣ್ಣಿಗೆ ಕಳಿಸಿದೆವು. ವಾಕರಿನ ಮಾತು ಯಾರೂ ಎತ್ತಲಿಲ್ಲ. ಅಲ್ಯೂಮಿನಿಯಂ ಪೈಪಿಗೆ ಯಾವ ಶಾಸ್ತ್ರ? ಅದು ಅಟ್ಟ ಸೇರಿತು.

ನನ್ನ ಕಷ್ಟ ನೋಡಿ ಅತ್ತೆಯೇ ಅದನ್ನು ಕಳಿಸಿಕೊಟ್ಟರು. ಈ ಸಲ ನಾನು ತಪ್ಪು ಮಾಡಲಿಲ್ಲ. ನನ್ನ ಮಣಿಕಟ್ಟಿಗೆ ಅಳೆಸಿ ಕಾಲುಗಳನ್ನು ಗಿಡ್ಡ ಮಾಡಿಸಿದೆ. ಬುಷ್ ನಾಲ್ಕೂ ಬದಲಾಯಿಸಿದೆ. ಮಾವನ ಸವೆತ ಒಂದು ಚೂರೂ ಉಳಿಯದಂತೆ ನೋಡಿಕೊಂಡೆ.

ನಿನ್ನೆ ಸಂಜೆ ಮೊದಲ ಸಲ ಅದನ್ನು ಊರಿಕೊಂಡು, ಟಕಟಕ್... ಎರಡು ಹೆಜ್ಜೆ... ಟಕಟಕ್ ಎಂದು ಅವರ ಜಗಲಿಗೆ ಹೋದೆ. ಅತ್ತೆ ಬೀದಿಗೆ ಬೆನ್ನು ಮಾಡಿ ಕೂತಿದ್ದರು. ನನ್ನನ್ನು ಅವರು ಇಷ್ಟು ವರ್ಷದಲ್ಲಿ ಒಮ್ಮೆಯೂ ಬಹುವಚನದಲ್ಲಿ ಮಾತಾಡಿಸಿದವರಲ್ಲ. ತಿರುಗಿ ನೋಡದೆ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಬಂದ್ರಾ?" ಎಂದರು. "ಕೂತ್ಕಳಿ."

"ಅಲ್ಲ ಅತ್ತೆ, ನಾನು" ಎನ್ನಬೇಕಿತ್ತು. ಹಾಗೆಂದರೆ ಮಾವ ಇಲ್ಲ ಎಂದು ಅವರಿಗೆ ಇನ್ನೊಂದು ಸಲ ಹೇಳಿದ ಹಾಗೆ... ಅವರು ಬಿಟ್ಟ ಜಾಗದಲ್ಲಿ ಸುಮ್ಮನೆ ಕೂತೆ.