ಬೋಗುಣಿಯಲ್ಲಿ ಉಳಿದ ಕಿತ್ತಳೆ

ಮೊನ್ನೆ ಮೇಲಿನ ಕಪಾಟಿನಿಂದ ಹಳೆಯ ಸ್ಟೀಲ್ ಬೋಗುಣಿ ಇಳಿಸಿದೆ. ಒಳಗೆ ಕಿತ್ತಳೆಯ ಒಣ ಬಿಲ್ಲೆಯೊಂದಿತ್ತು, ನಡುವೆ ದಾರ ಪೋಣಿಸಿದ್ದು. ಮೂಗಿಗೆ ಹಿಡಿದರೆ ವಾಸನೆ ಇನ್ನೂ ಸ್ವಲ್ಪ ಇತ್ತು...

ಹನ್ನೊಂದು ವರ್ಷದ ಹಿಂದೆ ಅಮೆರಿಕದ ಲಿವರ್‌ಮೋರ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಆಂಟಿ ಇದ್ದರು. ಮಂಗಳೂರಿನವರು, ನಿವೃತ್ತ ನರ್ಸ್, ಒಂಟಿ. ಪ್ರತಿ ಕ್ರಿಸ್‌ಮಸ್‌ಗೆ ಹಿತ್ತಲಿನ ಪೈನ್ ಮರಕ್ಕೆ ಕಿತ್ತಳೆ ಬಿಲ್ಲೆ, ಉಪ್ಪಿಲ್ಲದ ಕಡಲೆಕಾಯಿ ಕಟ್ಟುತ್ತಿದ್ದರು. ಗುಡ್ಡದ ಹಕ್ಕಿಗಳಿಗೆ ಅವರ ಹಬ್ಬದೂಟ. ನನ್ನ ಆರು ವರ್ಷದ ಮಗಳು ದಾರ ಪೋಣಿಸಲು ಹೋಗುತ್ತಿದ್ದಳು. ಬೇಲಿಯಾಚೆ ಜಿಂಕೆಗಳು ಬಂದು ನಿಂತು ನೋಡುತ್ತಿದ್ದವು.

"ಅವಕ್ಕೆ ಎಂತದೂ ಹಾಕ್ಬೇಡ ಮಾರಾಯ್ತಿ. ಅಕ್ಕಿಗಿಕ್ಕಿ ತಿಂದ್ರೆ ಹೊಟ್ಟೆ ಉಬ್ಬಿ ಸಾಯ್ತವೆ. ಅದು ನಿಮ್ಮ ಮೈಸೂರಿನ ದನ ಅಲ್ಲ," ಎಂದಿದ್ದರು ಆಂಟಿ ನನಗೆ.

"ಒಂದು ತುತ್ತಿಗೆ ಏನಾಗುತ್ತೆ ಆಂಟಿ?"

"ನರ್ಸಿಗೇ ಪಾಠವಾ?" ಎಂದು ನಕ್ಕಿದ್ದರು.

ಸಂಕ್ರಾಂತಿ ಬಂತು. ದನಕ್ಕೆ ಕೊಡದೆ ನಾವು ಉಂಡ ಸಂಕ್ರಾಂತಿ ನನಗೆ ಗೊತ್ತಿರಲಿಲ್ಲ. ಇಲ್ಲಿ ದನವೆಲ್ಲಿ? ಬೋಗುಣಿ ತುಂಬ ನೆನೆಸಿದ ಅಕ್ಕಿ, ಬೆಲ್ಲ, ಬಾಳೆಹಣ್ಣು ಕಲಸಿ ಬೇಲಿಯಾಚೆ ಇಟ್ಟೆ.

"ಅಮ್ಮಾ, ಆಂಟಿ ಸೆಡ್ ನೋ," ಎಂದಳು ಮಗಳು.

"ಹಬ್ಬದ ದಿನ ಏನೂ ಆಗಲ್ಲ, ಸುಮ್ನಿರು."

ಎಳೆಯ ಹೆಣ್ಣು ಜಿಂಕೆಯೊಂದು ಬಂತು. ತಿಂದಿತು. ನಾನು ಕೈಮುಗಿದೆ.

ಎರಡು ದಿನದ ನಂತರ ಅದು ಆಂಟಿಯ ಬೇಲಿಯ ಪಕ್ಕ ಸತ್ತು ಬಿದ್ದಿತ್ತು. ಹೊಟ್ಟೆ ಉಬ್ಬಿತ್ತು. ಅಕ್ಕಿಯಿಂದಲೇ ಎಂದು ಯಾರೂ ಪರೀಕ್ಷೆ ಮಾಡಿ ಹೇಳಲಿಲ್ಲ. ನನಗೆ ಹೇಳಬೇಕಾಗಿಯೂ ಇರಲಿಲ್ಲ.

ಬಡಾವಣೆಯ ಸಂಘದಿಂದ ಒಬ್ಬ ಬಂದ. ಆಂಟಿಯ ಮರದಲ್ಲಿ ಇನ್ನೂ ತೂಗುತ್ತಿದ್ದ ಬಿಲ್ಲೆಗಳನ್ನು ಕಂಡ. ಕಾಡುಪ್ರಾಣಿಗೆ ಆಹಾರ ಹಾಕುವುದು ತಪ್ಪೆಂದು ಗೊತ್ತಿಲ್ಲವೇ ಎಂದು ಆಂಟಿಯನ್ನು ಕೇಳಿದ. ಹಕ್ಕಿಗಳಿಗೆ ಮಾತ್ರ ಎಂದರು ಅವರು. ಅವನು ಅದನ್ನು ಬರೆದುಕೊಳ್ಳಲಿಲ್ಲ. ನಾನು ನಮ್ಮ ಹಿತ್ತಲಲ್ಲಿ ಮಗಳ ಕೈ ಹಿಡಿದು ನಿಂತಿದ್ದೆ. ಅವಳು ತಲೆಯೆತ್ತಿ ನನ್ನ ಮುಖ ನೋಡಿ ಬಾಯಿ ತೆರೆದಳು. ನಾನು ಅವಳ ಕೈ ಒತ್ತಿದೆ.

ಮಧ್ಯಾಹ್ನ ಆಂಟಿ ಕತ್ತರಿ ಹಿಡಿದು ದಾರಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿದರು. ಸಂಜೆ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ನನ್ನ ಬೋಗುಣಿ. ತೊಳೆದಿತ್ತು.

"ಬೇಲಿ ಹತ್ರ ಇತ್ತು. ಅವ ಬರುವ ಮೊದಲೇ ಒಳಗೆ ತಂದೆ."

ಒಳಗೆ ನಾಲ್ಕಾರು ಕಿತ್ತಳೆ ಬಿಲ್ಲೆ. "ಮಗುವಿಗೆ," ಎಂದರು.

"ಕಾಫಿ ಕುಡೀತೀರಾ ಆಂಟಿ?" ಎಂದೆ. ಹೇಳಬೇಕಾಗಿದ್ದದ್ದನ್ನು ಬಿಟ್ಟು ಅಷ್ಟೇ ಹೇಳಿದೆ. ಬೇಡ ಎಂದು ಹೋದರು.

ಮುಂದಿನ ಡಿಸೆಂಬರ್‌ನಲ್ಲಿ ಅವರ ಮರ ಬರಿದಾಗಿತ್ತು. ಅದರ ಮುಂದಿನದರಲ್ಲೂ... ಆಮೇಲೆ ಮನೆ ಬಿಟ್ಟು ಮಿಲ್ಪಿಟಾಸ್‌ನ ತಂಗಿಯ ಮನೆಗೆ ಹೋದರು. ಫ್ರೀವೇಯಲ್ಲಿ ಅರ್ಧ ಗಂಟೆ. ನಾನು ಒಮ್ಮೆಯೂ ಹೋಗಲಿಲ್ಲ. ಕಳೆದ ವರ್ಷ ತೀರಿಕೊಂಡರೆಂದು ಕೇಳಿದಾಗಲೂ ಹೋಗಲಿಲ್ಲ.

ಬಿಲ್ಲೆ ಹಿಡಿದು ನಿಂತಿದ್ದಾಗ ಮಗಳು ಬಂದಳು. ಈಗ ಅವಳಿಗೆ ಹದಿನೇಳು. ಬೋಗುಣಿ ನೋಡಿದಳು, ನನ್ನ ಕೈ ನೋಡಿದಳು.

"ಯೂ ಸ್ಕ್ವೀಜ್ಡ್ ಮೈ ಹ್ಯಾಂಡ್, ಅಮ್ಮಾ."

ಹೌದು ಎಂದೆ. ಆ ಮಾತು ಕೇಳಬೇಕಾಗಿದ್ದವರು ಈಗಿಲ್ಲ.