ಎಲ್ಲ ಸಾಲೂ ರಘುರಾಮನದೇ

ರೇಣು ಮೊದಲ ಸಲ ಕಂಡಾಗ ರಘುರಾಮ ಸಣ್ಣದೊಂದು ಬ್ರಷ್ ಹಿಡಿದು ತನ್ನ ಕೀಬೋರ್ಡಿನ ಸಂದುಗಳ ಧೂಳು ತೆಗೆಯುತ್ತಿದ್ದ. ಪುಣೆಯ ಕೋಥ್ರೂಡಿನಲ್ಲಿ, ಔಷಧಿ ಅಂಗಡಿಯೊಂದರ ಮೇಲಿದ್ದ ಕಚೇರಿ. ಮಳೆಗಾಲದ ಸೋಮವಾರ, ಅವಳು ಕೆಲಸಕ್ಕೆ ಸೇರಿದ ದಿನ. ಲಿಫ್ಟ್ ಕೆಟ್ಟು ನಿಂತಿದ್ದರಿಂದ ಮೆಟ್ಟಿಲು ಹತ್ತಿ ಬಂದ ರೇಣುವಿಗೆ ಏದುಸಿರು. ಕೊಡೆಯಿಂದ ಸೋರಿದ ನೀರು ಬಾಗಿಲಿನಿಂದ ಅವನ ಮೇಜಿನವರೆಗೂ ಸಾಲುಗಟ್ಟಿತ್ತು. ರಘುರಾಮ ಮೊದಲು ಆ ನೀರನ್ನು ನೋಡಿದ, ಆಮೇಲೆ ಕೊಡೆಯನ್ನು, ಆಮೇಲೆ ಅವಳ ಚಪ್ಪಲಿಯನ್ನು. ಮುಖದವರೆಗೆ ಬರಲು ಅವನಿಗೆ ಪುರುಸೊತ್ತಾಗಲಿಲ್ಲ. ಇಸ್ತ್ರಿ ಮುರಿಯದ ತಿಳಿನೀಲಿ ಅಂಗಿ, ಕಿಸೆಯಲ್ಲಿ ಜೋಡಿ ಪೆನ್ನು, ಎದುರಿಗೆ ‘ಚೀಫ್ ಆರ್ಕಿಟೆಕ್ಟ್’ ಎಂದು ಕೆತ್ತಿಸಿದ ಹಿತ್ತಾಳೆ ಫಲಕ. ಬೆರಳೆಣಿಕೆಯ ಜನರಿದ್ದ ಆ ಕಂಪನಿಯಲ್ಲಿ ಚೀಫ್ ಆಗಲು ಹೆಚ್ಚು ಪೈಪೋಟಿಯೇನೂ ಇದ್ದಿರಲಾರದು.

ಸಂದರ್ಶನದ ದಿನ ಅವಳು ಬರೆದಿದ್ದ ಪ್ರೋಗ್ರಾಮನ್ನು ತೆರೆಸಿ, ಮೂಗಿನ ತುದಿಯಿಂದ ಓದಿದ.

“ಇಷ್ಟು ಗಲೀಜಾಗಿ ಬರೀಬಾರ್ದಮ್ಮ. ಸ್ಪೇಸ್ ಎಲ್ಲಾ ಹೇಗೆ ಬೇಕೋ ಹಾಗಿದೆ. ಇರಲಿ, ನಾನು ಕ್ಲೀನ್ ಮಾಡಿಕೊಡ್ತೀನಿ.”

ಯಾವುದೋ ಗುಂಡಿ ಒತ್ತಿದ. ಪರದೆಯ ಮೇಲಿನ ಎಲ್ಲ ಸಾಲುಗಳೂ ಒಂದಿಷ್ಟು ಬಲಕ್ಕೆ ಸರಿದು ನಿಂತವು. ಬದಲಾದದ್ದು ಅಷ್ಟೇ. ಅಥಣಿಯ ಹತ್ತಿರದ ಹಳ್ಳಿಯಲ್ಲಿ ಬೆಳೆದು, ಮನೆತನದಲ್ಲಿ ಮೊದಲಿಗಳಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ರೇಣುವಿಗೆ ಅದೊಂದು ದೊಡ್ಡ ಉಪಕಾರವಾಗಿ ಕಂಡಿತು. ಇಂಥ ದೊಡ್ಡವರು ತನ್ನ ಸಾಲುಗಳನ್ನು ಕೈಯಾರೆ ತಿದ್ದುವುದೆಂದರೇನು! ಕೈ ಮುಗಿಯುವುದೊಂದು ಬಾಕಿ ಇತ್ತು.

ರಘುರಾಮನ ಉಪಕಾರ ಎಂಥದ್ದೆಂದು ತಿಳಿಯಬೇಕಾದರೆ ಗಿಟ್ ಎಂಬ ಸಾಧನದ ಬಗ್ಗೆ ಒಂದು ಮಾತು ಹೇಳಬೇಕು. ಪ್ರೋಗ್ರಾಮಿನ ಫೈಲುಗಳಲ್ಲಿ ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತದೆ. ಬ್ಲೇಮ್ ಎಂಬ ಆಜ್ಞೆ ಕೊಟ್ಟರೆ ಪ್ರತಿ ಸಾಲಿನ ಪಕ್ಕದಲ್ಲೂ ಒಂದು ಹೆಸರು ತೋರಿಸುತ್ತದೆ. ಆದರೆ ಅದು ಬರೆದವರ ಹೆಸರಲ್ಲ, ಕೊನೆಯದಾಗಿ ಮುಟ್ಟಿದವರ ಹೆಸರು. ಸಾಲಿನ ಮುಂದಿನ ಖಾಲಿ ಜಾಗವನ್ನು ಹೆಚ್ಚು ಕಡಿಮೆ ಮಾಡಿದರೂ ಮುಟ್ಟಿದಂತೆಯೇ ಲೆಕ್ಕ.

ಇಷ್ಟು ಸಾಕಾಗಿತ್ತು ರಘುರಾಮನಿಗೆ. ಕಚೇರಿಯಲ್ಲಿ ಯಾರು ಯಾವ ಫೈಲನ್ನು ಬರೆದು ಮುಗಿಸಿದರೂ ಅವನು ಸಂಜೆ ಹೋಗಿ ‘ಕ್ಲೀನ್’ ಮಾಡುತ್ತಿದ್ದ. ಫೈಲಿಗೆ ಚೆಂದದ ಹೊಸ ಹೆಸರನ್ನೂ ಇಡುತ್ತಿದ್ದ. ತನ್ನದೆಂದು ಒಂದು ಫೈಲನ್ನೂ ಬರೆಯುವ ತಾಪತ್ರಯವಿಲ್ಲದೆ, ಕಂಪನಿಯ ಅಷ್ಟೂ ಸಾಲುಗಳು ಅವನ ಹೆಸರಿನಲ್ಲಿ ನಿಂತಿದ್ದವು. ಗ್ರಾಹಕರು ಬಂದಾಗ ಪರದೆ ತೋರಿಸಿ, ಎಲ್ಲಾ ಒಬ್ಬನೇ ನೋಡ್ಕೋಬೇಕು ನೋಡಿ, ಎಂದು ಕುತ್ತಿಗೆ ಒತ್ತಿಕೊಳ್ಳುತ್ತಿದ್ದ. ಆ ಕುತ್ತಿಗೆ ನೋವು ಮಾತ್ರ ಅವನ ಸ್ವಂತದ್ದು.

ರೇಣುವಿಗೆ ಕೊಟ್ಟ ಕೆಲಸ ಇಂದಾಪುರದ ಕಡೆಯ ಒಂದು ಸಕ್ಕರೆ ಕಾರ್ಖಾನೆಯದು. ಕಬ್ಬಿನ ಗಾಡಿಗಳಿಗೆ ಗೇಟಿನಲ್ಲಿ ನಂಬರು ಕೊಟ್ಟು, ತೂಕದ ಕಾಟಾಕ್ಕೆ ಸರದಿಯಂತೆ ಕರೆಯುವ ಪ್ರೋಗ್ರಾಮು. ಕಬ್ಬಿನ ಗಾಡಿಯ ಮೇಲೆ ಕೂತು ಬೆಳೆದವಳು. ಕಾಟಾದ ಮುಂದೆ ನಿಂತ ಗಾಡಿಯವನಿಗೆ ಸರದಿ ತಪ್ಪಿದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಶ್ರದ್ಧೆಯಿಂದ ಬರೆದಳು. ಬರೆದದ್ದನ್ನೆಲ್ಲ ರಘುರಾಮ ಶ್ರದ್ಧೆಯಿಂದ ಬಲಕ್ಕೆ ಸರಿಸಿದ.

ಒಮ್ಮೆ ಅವಳೇ ಅವನ ಬಳಿ ಹೋಗಿ, ಫೈಲಿನ ಹಳೆಯ ಇತಿಹಾಸ ನೋಡುವುದು ಹೇಗೆಂದು ಕೇಳಿದಳು. ಗಿಟ್ ಲಾಗ್ ಅಂತ ಟೈಪ್ ಮಾಡಿ ಫೈಲಿನ ಹೆಸರು ಕೊಡಿ, ಅಷ್ಟು ಸಾಕು, ಉಳಿದದ್ದೆಲ್ಲ ನಿಮಗೆ ಈಗಲೇ ಬೇಡ, ಎಂದ. ಅವಳು ಹಾಗೆಯೇ ಮಾಡಿದಳು. ಫೈಲಿಗೆ ಹೊಸ ಹೆಸರಿಟ್ಟಿದ್ದರಿಂದ ಇತಿಹಾಸ ಆ ನಾಮಕರಣದ ದಿನದಿಂದಲೇ ಶುರುವಾಗಿತ್ತು. ಇದ್ದ ಒಂದೇ ನಮೂದು ರಘುರಾಮನದು. ಅದರ ಹಿಂದೆ ಏನೂ ಇಲ್ಲವೇನೋ ಎಂಬಂತೆ ಪರದೆ ಖಾಲಿ ಇತ್ತು.

ದೀಪಾವಳಿ ಕಳೆದ ಮೇಲೆ ಕಂಪನಿಯ ಒಡತಿ ನರ್ಮದಾ ಮೇಡಂ ಅವಳನ್ನು ಒಳಗೆ ಕರೆದರು. ಸೊಲ್ಲಾಪುರದ ಕನ್ನಡದವರು, ನಯವಾಗಿಯೇ ಮಾತಾಡಿದರು, ಮಾತು ಮಾತ್ರ ನಯವಾಗಿರಲಿಲ್ಲ.

“ನಿನ್ನ ಖಾಯಂ ಮಾಡಬೇಕಂದ್ರ ನೀ ಏನ್ ಮಾಡೀ ಅಂತ ಕಾಣಬೇಕಲ್ಲವಾ. ಬ್ಲೇಮ್ ತಗದ್ ನೋಡಿದ್ರ ಎಲ್ಲಾ ರಘುರಾಮ್ ಅವರದ ಹೆಸರು ಅದ.”

ತಾನೇ ಬರೆದದ್ದು ಎಂದು ರೇಣು ಹೇಳಿದಳು. ಹೇಳಿದ್ದು ಅವಳ ಕಿವಿಗೇ ಸುಳ್ಳಿನಂತೆ ಕೇಳಿಸಿತು. ತಿಂಗಳ ಕೊನೆಗೆ ತೀರ್ಮಾನ ಮಾಡೋಣವೆಂದು ಮೇಡಂ ಕಳಿಸಿಕೊಟ್ಟರು. ಖಾಯಂ ಆಗದಿದ್ದರೆ ಅಥಣಿಗೆ ಹಿಂದಿರುಗಬೇಕು. ಮದುವೆಯ ಮಾತನ್ನು ಈ ಕೆಲಸದ ನೆಪ ಹೇಳಿಯೇ ಅವಳು ಮುಂದೂಡಿಸಿದ್ದಳು. ಬಸ್ಸಿನಿಂದ ಇಳಿಯುವುದೇ ತಡ, ಗಂಡಿನ ಕಡೆಯವರು ಜಗಲಿಯ ಮೇಲೆ ಕೂತಿರುತ್ತಿದ್ದರು.

ಪಕ್ಕದ ಮೇಜಿನ ಜ್ಯೋತ್ಸ್ನಾಳ ತಂದೆಗೆ ಪುಣೆಯ ಡೆಕ್ಕನ್ ಬಡಾವಣೆಯಲ್ಲಿ ಉಡುಪಿ ಹೋಟೆಲಿತ್ತು. ವಿಷಯ ಕೇಳಿ ಅವಳು ನಕ್ಕಳು.

“ನಮ್ಮ ಹೋಟ್ಲಲ್ಲಿ ತಟ್ಟೆ ಒಂಚೂರು ಸರಿಸಿ ಇಟ್ಟವ, ದೋಸೆ ಹುಯ್ದದ್ದು ನಾನೇ ಅಂದ ಹಾಗಾಯ್ತು ಮಾರಾಯ್ತಿ. ಆ ಮನುಷ್ಯನಿಗೆ ದೋಸೆ ಕಾವಲಿ ಯಾವ ಕಡೆ ಉಂಟು ಅಂತಾದ್ರೂ ಗೊತ್ತುಂಟಾ ಕೇಳು.”

ಕೇಳುವ ಧೈರ್ಯ ರೇಣುವಿಗಿರಲಿಲ್ಲ. ಆದರೆ ಅಂದಿನಿಂದ ಅವನ ಇಸ್ತ್ರಿ ಅಂಗಿ ಕಂಡರೆ ಅವಳು ದಾರಿ ಬದಲಿಸುತ್ತಿದ್ದಳು.

ಕಾರ್ಖಾನೆಯಲ್ಲಿ ಕಬ್ಬಿನ ಹಂಗಾಮು ಶುರುವಾದ ಬೆಳಗ್ಗೆಯೇ ಫೋನು ಬಂತು. ಆ ಕಡೆಯಿಂದ ಮರಾಠಿಯಲ್ಲಿ ಬಂದ ಬೈಗುಳಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಒಂದನೇ ಗಾಡಿಯ ಹಿಂದೆಯೇ ಹತ್ತನೇ ಗಾಡಿಯನ್ನು ಕರೆಯಲಾಗಿತ್ತು; ಎರಡನೆಯವನು ಎತ್ತು ಬಿಚ್ಚಿ ಕಾಟಾಕ್ಕೇ ಅಡ್ಡ ಮಲಗಿದ್ದ. ನಂಬರನ್ನು ಸಂಖ್ಯೆಯೆಂದು ಓದುವ ಬದಲು ಅಕ್ಷರವೆಂದು ಓದಿದರೆ ಹೀಗಾಗುತ್ತದೆ: ಒಂದು ಎಂಬ ಅಂಕಿಯಿಂದ ಶುರುವಾಗುವ ಹತ್ತು, ಹನ್ನೊಂದು ಎಲ್ಲ ಎರಡಕ್ಕಿಂತ ಮೊದಲು ಬಂದು ನಿಲ್ಲುತ್ತವೆ. ಪ್ರೋಗ್ರಾಮನ್ನು ಪರೀಕ್ಷಿಸಿದ ದಿನಗಳಲ್ಲಿ ಹತ್ತು ಗಾಡಿ ಸೇರಿರಲೇ ಇಲ್ಲವಾದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನರ್ಮದಾ ಮೇಡಂ ಎಲ್ಲರನ್ನೂ ಕೂರಿಸಿ, ಗೋಡೆಯ ಪರದೆಯ ಮೇಲೆ ಫೈಲು ತೆರೆದು ಬ್ಲೇಮ್ ಕೊಟ್ಟರು. ತಪ್ಪಿದ ಸಾಲಿನ ಪಕ್ಕದಲ್ಲಿ ದಪ್ಪಗೆ ರಘುರಾಮನ ಹೆಸರಿತ್ತು.

ಅವನ ಮುಖ ನೋಡುವಂತಿತ್ತು. ಇಷ್ಟು ದಿನ ಹೆಸರು ಬರೆಸಿಕೊಳ್ಳಲು ಮುಂದಿದ್ದವನು ಈಗ ಕುರ್ಚಿಯಿಂದ ಅರ್ಧ ಎದ್ದು, ಇದು ಬರೀ ಫಾರ್ಮ್ಯಾಟಿಂಗ್ ಮೇಡಂ, ಬರೆದದ್ದು ನಾನಲ್ಲ, ಎಂದ. ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡು, ಅದೇ ಬ್ಲೇಮ್ ಆಜ್ಞೆಗೆ ಡ್ಯಾಶ್ ಡಬ್ಲ್ಯೂ ಎಂದು ಸೇರಿಸಿದ. ಅದನ್ನು ಸೇರಿಸಿದರೆ ಖಾಲಿ ಜಾಗದ ಬದಲಾವಣೆಯನ್ನು ಗಿಟ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ರಘುರಾಮನ ಹೆಸರು ಹೋಯಿತು, ಆ ಜಾಗದಲ್ಲಿ ರೇಣುವಿನ ಹೆಸರು ಬಂತು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಪ್ರಾಣ ಉಳಿಸಿಕೊಂಡ ಹುರುಪಿನಲ್ಲಿ ಮನುಷ್ಯನಿಗೆ ನಿಲ್ಲಲು ತೋಚಲಿಲ್ಲ. ಲಾಗ್ ಆಜ್ಞೆಗೆ ಡ್ಯಾಶ್ ಡ್ಯಾಶ್ ಫಾಲೋ ಎಂದು ಸೇರಿಸಿ, ಹೆಸರು ಬದಲಿಸುವುದಕ್ಕಿಂತ ಹಿಂದಿನ ಇತಿಹಾಸವನ್ನೂ ಎಳೆದು ತಂದ. ಡ್ಯಾಶ್ ಪಿ ಎಂದು ಇನ್ನೊಂದು ಸೇರಿಸಿ, ಯಾವ ದಿನ ಯಾವ ಸಾಲು ಹುಟ್ಟಿತೆಂಬುದನ್ನೂ ತೋರಿಸಿದ. ನೋಡಿ, ಇಲ್ಲಿ ರೇಣು, ಇಲ್ಲಿ ರೇಣು, ಇಲ್ಲೂ ರೇಣುವೇ, ಎಂದು ಬೆರಳಿಟ್ಟು ತೋರಿಸುತ್ತ ಹೋದ. ಪರದೆ ಉರುಳಿದಷ್ಟೂ ರೇಣುವಿನ ಹೆಸರೇ. ಸುತ್ತ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನಿಗೆ ಮಾತ್ರ ತಾನೇನು ತೋರಿಸುತ್ತಿದ್ದೇನೆಂದು ಇನ್ನೂ ಹೊಳೆದಿರಲಿಲ್ಲ.

ರೇಣು ಎದ್ದು ನಿಂತಳು.

“ಆ ತಪ್ಪು ನಂದ ಅದರಿ ಮೇಡಂ. ನಂಬರ್ ಓದೋದು ನಾನ ತಪ್ಪ ಬರದೀನಿ. ಉಳಿದ ಸಾಲೂ ನಾನ ಬರದೀನ್ರಿ.”

ಮೇಡಂ ರಘುರಾಮನ ಕಡೆ ತಿರುಗಿದರು.

“ಈ ಆಪ್ಷನ್ ಎಲ್ಲಾ ನಿಮಗ ಮೊದಲಿಂದ ಗೊತ್ತಿತ್ತೇನ್ರಿ?”

ಮೊದಲು ಗೊತ್ತಿರಲಿಲ್ಲ, ಮೊನ್ನೆ ಕಲಿತೆ ಎಂದಿದ್ದರೆ ಬದುಕಿಕೊಳ್ಳುತ್ತಿದ್ದ. ಆದರೆ ಗೊತ್ತಿಲ್ಲ ಎಂಬ ಮಾತು ಆ ಬಾಯಿಂದ ಎಂದೂ ಹೊರಟದ್ದಲ್ಲ.

“ಏನ್ ಮೇಡಂ ನೀವು. ಇಷ್ಟು ವರ್ಷ ಸರ್ವಿಸ್ ಆಗಿದೆ, ಇಷ್ಟೂ ಗೊತ್ತಿರಲ್ವಾ?”

ಹೇಳಿ ಮುಗಿದ ಮೇಲೆ ತಾನು ಒಪ್ಪಿಕೊಂಡದ್ದೇನೆಂದು ಹೊಳೆಯಿತು. ಕೀಬೋರ್ಡನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದ. ಜ್ಯೋತ್ಸ್ನಾ ಕೆಮ್ಮು ಬಂದವಳಂತೆ ಮುಖ ಮುಚ್ಚಿಕೊಂಡು ಹೊರಗೆ ಹೋದಳು.

ರೇಣು ಮಧ್ಯಾಹ್ನದೊಳಗೆ ತಪ್ಪನ್ನು ತಿದ್ದಿದಳು. ಕಾರ್ಖಾನೆಗೆ ತಾನೇ ಫೋನು ಮಾಡಿ, ತಿಳಿದಷ್ಟು ಮರಾಠಿಯಲ್ಲಿ ಕ್ಷಮೆ ಕೇಳಿ, ಮತ್ತಷ್ಟು ಬೈಸಿಕೊಂಡಳು. ಮೇಡಂ ಕಂಪನಿಯ ಎಲ್ಲ ಫೈಲುಗಳನ್ನೂ ಡ್ಯಾಶ್ ಡಬ್ಲ್ಯೂ ಹಾಕಿ ಮತ್ತೆ ನೋಡಿದರು. ತುಂಬಾ ಹುಡುಕಿದ ಮೇಲೆ ರಘುರಾಮ ನಿಜವಾಗಿ ಬರೆದದ್ದೊಂದು ಸಿಕ್ಕಿತಂತೆ: ಕಂಪನಿಯ ಹೆಸರೂ ತನ್ನ ಹೆಸರೂ ಇರುವ ಒಂದು ಟಿಪ್ಪಣಿ.

ರೇಣುವಿನ ಕೆಲಸ ಆ ತಿಂಗಳ ಕೊನೆಗೆ ಖಾಯಂ ಆಯಿತು. ಮಾಡಿದ ತಪ್ಪಿಗೆ ಎಲ್ಲರ ಮುಂದೆ ಬೈಗುಳವೂ ಸಿಕ್ಕಿತು. ಮನೆಗೆ ಫೋನು ಮಾಡಿದಾಗ ಅದನ್ನು ಹೇಳಲಿಲ್ಲ.

ರಘುರಾಮ ಈಗಲೂ ಅದೇ ಕಚೇರಿಯಲ್ಲಿದ್ದಾನೆ. ಫೈಲುಗಳನ್ನು ಮುಟ್ಟುವ ಅನುಮತಿ ಅವನಿಗಿಲ್ಲ. ಹೊಸದಾಗಿ ಸೇರಿದವರಿಗೆ ಫೈಲಿನ ಇತಿಹಾಸ ನೋಡುವ ಆಜ್ಞೆಗಳನ್ನು ಕಲಿಸುತ್ತಾನೆ.